ಬೋರ್ ಹಿಗ್ಗಿಸಿದರೆ ಎಷ್ಟು ಸಿಸಿ?

ಪ್ರಶ್ನೆ: ನನ್ನ ಒಂಟಿ ಸಿಲಿಂಡರ್ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಸರಿಯುವ ದೂರ) 49.5 ಮಿ.ಮೀ., ಕಂಪ್ರೆಷನ್ 9:1. 53ರ ಪಿಸ್ಟನ್ ಹಾಕಿದರೆ ಎಷ್ಟು ಸಿಸಿ ಆಗುತ್ತದೆ? ಬೇರೇನಾದರೂ ಬದಲಿಸಬೇಕೆ?

ಉತ್ತರ: ಬೋರ್‌ನ ವರ್ಗವನ್ನು 0.7854ರಿಂದ ಗುಣಿಸಿ (ಪೈಯ ಕಾಲುಭಾಗ), ಆಮೇಲೆ ಸ್ಟ್ರೋಕ್‌ನಿಂದ ಗುಣಿಸಿ. ಅಳತೆ ಮಿ.ಮೀ.ನಲ್ಲಿದ್ದರೆ ಕೊನೆಗೆ 1000ದಿಂದ ಭಾಗಿಸಿದಾಗ ಸಿಸಿ ಸಿಗುತ್ತದೆ. ಈಗಿರುವುದು 97.2 ಸಿಸಿ, 53ಕ್ಕೆ ಹೋದರೆ 109.2. ಸವೆದ ಬೋರಿಗೆ 0.50 ಮಿ.ಮೀ. ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕಿಸಿ ‘ಸಿಸಿ ಜಾಸ್ತಿ ಮಾಡಿಸಿದೆ’ ಅನ್ನುವವರಿದ್ದಾರೆ. ಅದರಿಂದ ಬರುವುದು 99.1 ಸಿಸಿ, ಅದು ರಿಪೇರಿ ಅಷ್ಟೆ.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ಬಿಡುತ್ತಾರೆ. ಕಂಪ್ರೆಷನ್ 9:1 ಅಂದರೆ ಪಿಸ್ಟನ್ ಕೆಳಗಿನ ತುದಿಯಲ್ಲಿದ್ದಾಗಿನ ಒಟ್ಟು ಜಾಗ ಮೇಲಿನ ತುದಿಯಲ್ಲಿದ್ದಾಗಿನದರ ಒಂಬತ್ತು ಪಟ್ಟು. ಹಾಗಾಗಿ ಮೇಲಿನ ತುದಿಯಲ್ಲಿ ಹೆಡ್‌ನೊಳಗೆ (ಸಿಲಿಂಡರಿನ ಮೇಲಿನ ಮುಚ್ಚಳ) ಉಳಿಯುವ ಜಾಗ 97.2 ಭಾಗಿಸು 8, ಅಂದರೆ 12.15 ಸಿಸಿ. ಹೆಡ್ ಹಾಗೇ ಇದ್ದು ಸಿಲಿಂಡರ್ 109.2 ಆದರೆ ಕಂಪ್ರೆಷನ್ ಸುಮಾರು 10:1ಕ್ಕೆ ಏರುತ್ತದೆ. ಗಾಳಿಯಲ್ಲಿ ತಣಿಯುವ ಎಂಜಿನ್ ಆದರೆ ಏರು ದಾರಿಯಲ್ಲಿ ನಾಕ್ ಹೊಡೆಯುವ (ಮಿಶ್ರಣ ತಾನಾಗಿ ಸ್ಫೋಟಿಸಿ ಟಕಟಕ ಸದ್ದು ಬರುವ) ಸಾಧ್ಯತೆ ಹೆಚ್ಚು. ಮತ್ತೆ 9:1 ಬೇಕಿದ್ದರೆ ಇನ್ನೂ 1.5 ಸಿಸಿ ಜಾಗ ಮಾಡಬೇಕು. ಗ್ಯಾಸ್ಕೆಟ್ಟನ್ನು (ಹೆಡ್‌ಗೂ ಸಿಲಿಂಡರಿಗೂ ನಡುವಿನ ಸೀಲು) ಇನ್ನೂ 0.7 ಮಿ.ಮೀ. ದಪ್ಪ ಮಾಡಿದರೂ ಆಗುತ್ತದೆ, ಆದರೆ ಪಿಸ್ಟನ್ ಅಂಚಿಗೂ ಹೆಡ್‌ಗೂ ನಡುವಿನ ಸಂದು ಅಗಲವಾಗಿ ಉರಿತ ಕೆಡುತ್ತದೆ. ತಲೆಯಲ್ಲಿ ಅಷ್ಟು ತಗ್ಗಿರುವ ಪಿಸ್ಟನ್ ಸಿಕ್ಕರೆ ಅದೇ ಒಳ್ಳೆಯದು.

ಹಳೆಯ ಗ್ಯಾಸ್ಕೆಟ್ ಹಾಕಲೇಬೇಡಿ. ಅದರ ತೂತು 53ಕ್ಕಿಂತ ಚಿಕ್ಕದಿದ್ದರೆ ಅಂಚು ಒಳಗೆ ಚಾಚಿ ಕೆಂಪಗೆ ಕಾಯುತ್ತದೆ, ಸ್ಪಾರ್ಕ್‌ಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಎಲ್ಲ ಕಡೆಯೂ ಒಂದೂವರೆ ಮಿ.ಮೀ. ತೆಳುವಾಗುವುದರಿಂದ ಮೊದಲು ಅದರ ದಪ್ಪ ಅಳೆಯಿರಿ. ತೀರಾ ತೆಳುವಾದ ಲೈನರ್ ಬಿಸಿಗೆ ಸೊಟ್ಟಗಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ದಪ್ಪ ಲೈನರ್ ಕೂರಿಸುವುದಾದರೆ ಕ್ರ್ಯಾಂಕ್‌ಕೇಸಿನ (ಸಿಲಿಂಡರ್ ಕೂರುವ ಎಂಜಿನ್ನಿನ ಕೆಳಗಿನ ಪೆಟ್ಟಿಗೆ) ಬಾಯಿಯನ್ನೂ ಹಿಗ್ಗಿಸಬೇಕಾದೀತು. ಕಾರ್ಬುರೇಟರ್ ಇದ್ದರೆ ಮೇನ್ ಜೆಟ್ (ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ತೂತು) ಮತ್ತೆ ಹೊಂದಿಸಿ.

ಪ್ರಶ್ನೆ: ಹೆಡ್ ಬಿಚ್ಚಿದ್ದೇನೆ. ಸ್ಟ್ರೋಕ್ ತಿಳಿಯಲು ಬ್ಯಾರೆಲ್ಲಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಭಾಗ) ಉದ್ದ ಅಳೆದರೆ ಸಾಕೆ?

ಉತ್ತರ: ಸಾಲದು, ಅವೆರಡಕ್ಕೂ ಸಂಬಂಧವಿಲ್ಲ. ಬ್ಯಾರೆಲ್ಲಿನ ಮೇಲ್ಮೈಯಿಂದ ಪಿಸ್ಟನ್ ತಲೆಗೆ ಇರುವ ಆಳವನ್ನು ಮೇಲಿನ ತುದಿಯಲ್ಲೊಮ್ಮೆ, ಕೆಳಗಿನ ತುದಿಯಲ್ಲೊಮ್ಮೆ ವರ್ನಿಯರ್ ಕ್ಯಾಲಿಪರ್‌ನ ಬಾಲದಿಂದ (ಆಳ ಅಳೆಯುವ ಕಡ್ಡಿ) ಅಳೆಯಿರಿ. ವ್ಯತ್ಯಾಸವೇ ಸ್ಟ್ರೋಕ್. ಪಿಸ್ಟನ್ ತಲೆ ಬ್ಯಾರೆಲ್ಲಿನಿಂದ ಮೇಲೆ ಬರುವಂತಿದ್ದರೆ ಆ ಅಳತೆಯನ್ನು ಕಳೆಯದೆ ಕೂಡಿಸಿ. ಪಿಸ್ಟನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್) ನೇರಕ್ಕೇ ಅಳೆಯಿರಿ; ಅಡ್ಡಕ್ಕೆ ಪಿಸ್ಟನ್ ವಾಲುವುದರಿಂದ ಲೆಕ್ಕ ತಪ್ಪುತ್ತದೆ. ಬೋರನ್ನು ಬೋರ್ ಗೇಜ್‌ನಿಂದ ಮೂರು ಎತ್ತರಗಳಲ್ಲಿ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ನೋಡಿ. ಪಿಸ್ಟನ್ನಿನ ತಲೆ ಅಳೆದು ಅದನ್ನೇ ಬೋರ್ ಅಂದುಕೊಳ್ಳಬೇಡಿ, ತಲೆ ಸ್ಕರ್ಟ್‌ಗಿಂತ (ಪಿಸ್ಟನ್ನಿನ ಕೆಳಭಾಗ) ಕಿರಿದಾಗಿರುತ್ತದೆ.

ಪ್ರಶ್ನೆ: ಇದೇ 97 ಸಿಸಿ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪಿನ್ನನ್ನು (ಕನೆಕ್ಟಿಂಗ್ ರಾಡ್‌ನ ಕೆಳತುದಿ ಕ್ರ್ಯಾಂಕಿಗೆ ಸೇರುವ ಪಿನ್) 1 ಮಿ.ಮೀ. ಹೊರಕ್ಕೆ ಸರಿಸಿದರೆ?

ಉತ್ತರ: ಸ್ಟ್ರೋಕ್ 2 ಮಿ.ಮೀ. ಹೆಚ್ಚಿ 51.5 ಆಗುತ್ತದೆ, ಸಿಸಿ 101.1. ನಾಲ್ಕು ಸಿಸಿಗೆ ಇದು ದುಬಾರಿ ಕೆಲಸ. ಪಿಸ್ಟನ್ ಮೇಲೆ 1 ಮಿ.ಮೀ. ಹೆಚ್ಚು ಏರಿ ವಾಲ್ವ್‌ಗೆ ತಾಗಬಹುದು. ಬ್ಯಾರೆಲ್ ಕೆಳಗೆ 1 ಮಿ.ಮೀ. ಪ್ಲೇಟ್ ಕೊಟ್ಟು ಅದನ್ನು ತಪ್ಪಿಸಿದರೆ ಟೈಮಿಂಗ್ ಚೈನಿನ ಬಿಗಿ, ವಾಲ್ವ್ ತೆರೆಯುವ ಕ್ಯಾಮಿನ ಹೊಂದಾಣಿಕೆ ಎರಡೂ ಬದಲಾಗುತ್ತವೆ. ಕೆಳಗಿನ ತುದಿಯಲ್ಲಿ ಸ್ಕರ್ಟ್ ಕ್ರ್ಯಾಂಕಿಗೆ ತಾಗುತ್ತದೆಯೇ ಎಂದು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿ.