ಬಾಕ್ಸಿನಲ್ಲೇ ಉಳಿದ ಗ್ರೈಂಡರ್

ಮನೆಯವರ ನಡುವೆ ಮಾತು ನಿಂತಿದೆ ಎಂದು ಆಪ್ತಸಲಹೆಗಾಗಿ ನನ್ನ ಬಳಿ ಬರುವವರನ್ನು ಕಾರಣ ಕೇಳಿದರೆ ಆಸ್ತಿ, ಸಾಲ, ಮದುವೆ ಎನ್ನುತ್ತಾರೆ. ಆದರೆ ಡ್ರಿಲ್, ಕಬ್ಬಿಣ ಕೊಯ್ಯುವ, ಉಜ್ಜುವ ಗ್ರೈಂಡರ್, ಮರ ಕೊಯ್ಯುವ ಮಷಿನ್ ಕೈ ಬದಲಾದ ಮೇಲೆ ಮಾತು ಬಿಟ್ಟವರನ್ನೂ ನಾನು ಹಲವು ಸಲ ನೋಡಿದ್ದೇನೆ. ಹೇಳಿಕೊಳ್ಳಲು ಅವರಿಗೆ ನಾಚಿಕೆ. ‘ಇಷ್ಟು ಸಣ್ಣ ವಿಷಯಕ್ಕೆ ಬಂದಿದ್ದಾನೆ ಅಂದ್ಕೋಬೇಡಿ’ ಎಂದೇ ಶುರು ಮಾಡುತ್ತಾರೆ. ಅಂಥ ಪ್ರಕರಣಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಅವರಿಗೆ ನಲವತ್ತು ದಾಟಿತ್ತು. ಕಬ್ಬಿಣದ ಕೆಲಸ ಅವರ ಕಸುಬಲ್ಲ. ಆದರೆ ರಜೆ ಬಂದರೆ ಏನಾದರೂ ಕೊಯ್ದು, ಉಜ್ಜಿ, ಜೋಡಿಸುವುದೆಂದರೆ ಪ್ರಾಣ. ಮನೆ ಹಿಂದಿನ ಶೆಡ್ಡಿನಲ್ಲಿ ವರ್ಷಕ್ಕೊಂದರಂತೆ ಕೂಡಿಸಿದ ಮಷಿನುಗಳು. ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ರೇಗುತ್ತೇನೆ ಎಂದು ಬಂದಿದ್ದರು. ಹೆಂಡತಿಯ ತಮ್ಮನ ಜೊತೆ ನಾಲ್ಕು ತಿಂಗಳಿಂದ ಮಾತಿರಲಿಲ್ಲ.

ಮೊದಲ ಎರಡು ಭೇಟಿ ದೂರುಗಳಲ್ಲೇ ಕಳೆದವು. ಗೆಳೆಯನೊಬ್ಬ ಬ್ಯಾಟರಿ ಡ್ರಿಲ್ ಒಯ್ದು, ಚಾರ್ಜರ್ ಮಾತ್ರ ವಾಪಸ್ ಕೊಡಲಿಲ್ಲ. ಚಿಕ್ಕಪ್ಪನ ಮಗ ಮಾಮೂಲಿ ಡ್ರಿಲ್ಲಿನಿಂದ ಕಾಂಕ್ರೀಟ್ ಕೊರೆಯಲು ಹೋಗಿ ಬಿಟ್ ಕೆಂಪಗೆ ಕಾಯಿಸಿ ತಂದ. ಇನ್ನೊಬ್ಬರು ಮಷಿನ್ ಒಯ್ದವರು ಅದನ್ನು ಮೂರನೆಯವರಿಗೆ ಕೊಟ್ಟರು. ಕೇಳಿದರೆ ‘ಎಲ್ಲಿ ಹೋಗುತ್ತೆ, ನಮ್ಮವರ ಹತ್ರಾನೇ ಇದೆ’ ಎಂದರು.

ಆ ದೂರುಗಳು ಸುಳ್ಳೇನಲ್ಲ. ಸುತ್ತಿಗೆ ಕೊಟ್ಟರೆ ಸುತ್ತಿಗೆ ಬರುತ್ತದೆ. ಹಿಡಿ ಮುರಿದಿದ್ದರೆ ಕಣ್ಣಿಗೆ ಕಾಣುತ್ತದೆ. ಮೋಟಾರ್ ಇರುವ ಮಷಿನ್ ಹಾಗಲ್ಲ, ಅದರ ಪೆಟ್ಟು ಒಳಗೆ ಬೀಳುತ್ತದೆ. ತೆಳು ವೈರಿನ ಉದ್ದ ಎಕ್ಸ್‌ಟೆನ್ಷನ್ ಹಾಕಿ ಓಡಿಸಿದರೆ ಮಷಿನಿಗೆ ತಲುಪುವ ವೋಲ್ಟೇಜ್ ಕಮ್ಮಿಯಾಗುತ್ತದೆ. ಮಷಿನ್ ನಿಧಾನವಾದರೆ ಕೈ ಇನ್ನೂ ಜೋರಾಗಿ ಒತ್ತುತ್ತದೆ. ಒಳಗಿನ ಫ್ಯಾನೂ ನಿಧಾನವಾಗಿ, ಗಾಳಿ ಸಾಲದೆ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿ, ಕಾಯುತ್ತದೆ. ಅವತ್ತೇ ಸುಡುವುದಿಲ್ಲ. ಮಷಿನ್ ಒರೆಸಿಕೊಂಡು, ಥ್ಯಾಂಕ್ಸ್ ಹೇಳಿಸಿಕೊಂಡು ಮನೆಗೆ ಬರುತ್ತದೆ. ಒಂದು ತಿಂಗಳಾದ ಮೇಲೆ ನಿಮ್ಮ ಕೈಯಲ್ಲೇ ಸುಟ್ಟ ವಾಸನೆ ಬಂದು ನಿಲ್ಲುತ್ತದೆ. ಆಗ ಯಾರನ್ನು ಕೇಳುತ್ತೀರಿ? ಮೋಟಾರಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ಮಷಿನಿಗೆ ವಯಸ್ಸಾಗಿರಬಹುದು. ಖಚಿತವಾಗಿ ಹೇಳಲು ಆಗುವುದಿಲ್ಲ, ಮನಸ್ಸಿನಿಂದ ತೆಗೆಯಲೂ ಆಗುವುದಿಲ್ಲ. ಸಂಬಂಧ ಹಳಸಲು ಅಷ್ಟು ಅನುಮಾನ ಸಾಕು. ಹತ್ತು ವರ್ಷ ಹೀಗೆ ಒಬ್ಬೊಬ್ಬರ ಮೇಲೂ ಒಂದೊಂದು ಅನುಮಾನ ಇಟ್ಟುಕೊಂಡೇ ಇವರು ಎಲ್ಲರಿಗೂ ನಗುನಗುತ್ತಾ ಮಷಿನ್ ಕೊಡುತ್ತಿದ್ದರು.

ಆದರೆ ನನಗೊಂದು ವಿಷಯ ಕೂಡಿಬರಲಿಲ್ಲ. ಅವರು ಮಾತು ಬಿಟ್ಟಿದ್ದು ಇವರಲ್ಲಿ ಯಾರ ಜೊತೆಯೂ ಅಲ್ಲ. ಭಾಮೈದನ ಜೊತೆ. ಆತನ ಬಗ್ಗೆ ಕೇಳಿದಾಗಲೆಲ್ಲ ಒಂದೇ ಉತ್ತರ: ‘ನನ್ನ ಗ್ರೈಂಡರ್ ಒಯ್ದು ಪೆಟ್ಟು ಮಾಡಿಕೊಂಡ, ಮಷಿನೂ ಹಾಳಾಯ್ತು.’ ಹೇಳುವಾಗ ಸಿಟ್ಟಿರಲಿಲ್ಲ. ಗ್ರೈಂಡರಿನ ಸರದಿ ಬಂದ ತಕ್ಷಣ ದನಿ ತಗ್ಗಿ, ಮಾತು ಬೇರೆ ಕಡೆ ಹೋಗುತ್ತಿತ್ತು.

ಮೂರನೇ ಭೇಟಿಯಲ್ಲಿ ಒಂದು ಸರಳ ಪ್ರಶ್ನೆ ಕೇಳಿದೆ. ‘ಅವತ್ತು ಆ ಮಷಿನನ್ನು ಹೇಗೆ ಕೊಟ್ಟಿರಿ? ಶೆಡ್ಡಿನ ಬಾಗಿಲು ತೆಗೆದಲ್ಲಿಂದ ಹೇಳಿ.’

ಅವರು ಹೇಳತೊಡಗಿದರು. ಬೆಳಗ್ಗೆ ಬಂದಿದ್ದ. ಗಾಡಿ ಗೇಟಿನ ಹತ್ತಿರ ಸ್ಟಾರ್ಟಿನಲ್ಲೇ ಇತ್ತು. ‘ಭಾವ, ನಾಲ್ಕು ಪೈಪ್ ಕಟ್ ಮಾಡೋದಿದೆ ಅಷ್ಟೇ, ಸಂಜೆ ತಂದುಕೊಡ್ತೀನಿ’ ಅಂದ. ಮೊಳೆಗೆ ನೇತು ಹಾಕಿದ್ದ ಗ್ರೈಂಡರ್ ತೆಗೆದೆ. 5 ಇಂಚಿನ ಡಿಸ್ಕ್ ಹಾಕಿ ಕೊಯ್ಯುವಂಥದ್ದು. ಡಿಸ್ಕ್ ಸವೆದಿತ್ತು, ಬಿಚ್ಚಿ ಇಟ್ಟೆ. ‘ಡಿಸ್ಕ್ ನನ್ನ ಹತ್ರ ಇದೆ ಭಾವ’ ಅಂದ. ಸ್ಪ್ಯಾನರ್ ಕೊಟ್ಟೆ. ಕವರಿಗೆ ಹಾಕಿದೆ.

ಇಲ್ಲಿ ನಿಲ್ಲಿಸಿದರು. ತುಂಬ ಹೊತ್ತು ಕೈ ನೋಡಿಕೊಂಡು ಕೂತರು. ನಾನೂ ಸುಮ್ಮನಿದ್ದೆ.

‘ಗಾರ್ಡ್ ಇರಲಿಲ್ಲ ಮೇಡಂ. ಬಿಚ್ಚಿದ್ದು ನಾನೇ.’

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಗಾರ್ಡ್ ಅಂದರೆ ಡಿಸ್ಕನ್ನು ಅರ್ಧ ಮುಚ್ಚುವ ಲೋಹದ ಕವಚ. ಯಾವತ್ತೋ ಒಂದು ಇಕ್ಕಟ್ಟಾದ ಮೂಲೆಯಲ್ಲಿ ಉಜ್ಜಬೇಕಿತ್ತು, ಗಾರ್ಡ್ ತಾಗುತ್ತಿತ್ತು, ಬಿಚ್ಚಿದ್ದರು. ಮತ್ತೆ ಹಾಕಿರಲಿಲ್ಲ. ಎರಡು ವರ್ಷ ಹಾಗೇ ಓಡಿಸಿದ್ದರು. ಗಾರ್ಡ್ ಕಿಡಿಯನ್ನಷ್ಟೇ ತಡೆಯುವುದಿಲ್ಲ. ಡಿಸ್ಕ್ ಒಡೆದರೆ ಚೂರು ಮುಖದ ಕಡೆ ಹಾರದಂತೆ ತಡೆಯುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಮಷಿನಿಗೆ ಹೇಳಿದ್ದಕ್ಕಿಂತ ದೊಡ್ಡ ಡಿಸ್ಕ್ ಕೂರಲು ಜಾಗ ಬಿಡುವುದಿಲ್ಲ. ಭಾಮೈದನ ಮನೆಯಲ್ಲಿ ಇದ್ದದ್ದು 7 ಇಂಚಿನ ಡಿಸ್ಕ್. ನಡುವಿನ ತೂತು ಎರಡಕ್ಕೂ ಒಂದೇ ಅಳತೆ. ಗಾರ್ಡ್ ಇದ್ದಿದ್ದರೆ ಅದು ಹಿಡಿಯುತ್ತಲೇ ಇರಲಿಲ್ಲ. ಇರಲಿಲ್ಲವಾದ್ದರಿಂದ ಸರಿಯಾಗಿ ಕೂತಿತು.

7 ಇಂಚಿನ ಅಂಥ ಡಿಸ್ಕಿನ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವ ಮಿತಿ ನಿಮಿಷಕ್ಕೆ ಸುಮಾರು 8,500 ಸುತ್ತು. 5 ಇಂಚಿನ ಗ್ರೈಂಡರ್ ಖಾಲಿ ಓಡುವಾಗ ತಿರುಗುವುದು ಸುಮಾರು 11,000. ಲೆಕ್ಕ ಹಾಕಿದರೆ ಆ ಡಿಸ್ಕಿನ ಅಂಚು ಗಂಟೆಗೆ 370 ಕಿಲೋಮೀಟರ್ ದಾಟಿತ್ತು. ಪೈಪಿಗೆ ತಾಗಿಸಿದ ಸ್ವಲ್ಪ ಹೊತ್ತಿಗೆ ಒಡೆಯಿತು. ಒಂದು ಚೂರು ಕೆನ್ನೆ ಸೀಳಿಕೊಂಡು ಹೋಯಿತು. ಕಣ್ಣಿಗೆ ಎರಡು ಬೆರಳಷ್ಟೇ ದೂರ. ಹೊಲಿಗೆ ಬಿದ್ದು ಗಾಯ ವಾಸಿಯಾಯಿತು, ಗುರುತು ಉಳಿಯಿತು.

‘ಅವನು ಆಸ್ಪತ್ರೆಯಿಂದ ಬಂದವನು ಮೊದಲು ಏನು ಹೇಳಿದ ಗೊತ್ತಾ ಮೇಡಂ? ನಿಮ್ಮ ಮಷಿನ್ ಹಾಳು ಮಾಡಿಬಿಟ್ಟೆ ಭಾವ, ಹೊಸದು ಕೊಡಿಸ್ತೀನಿ ಅಂದ. ನಾನು ಬೇಡ ಅನ್ನಲಿಲ್ಲ. ಹದಿನೈದು ದಿನಕ್ಕೆ ತಂದುಕೊಟ್ಟ. ಇವತ್ತಿಗೂ ಬಾಕ್ಸ್ ಬಿಚ್ಚಿಲ್ಲ. ಅವನ ಮುಖ ನೋಡೋಕೆ ಆಗಲ್ಲ, ಅದಕ್ಕೇ ಫೋನ್ ಎತ್ತಲ್ಲ. ಮನೇಲಿ ಎಲ್ಲರೂ ನನಗೆ ಮಷಿನ್ ಹಾಳಾಗಿದ್ದಕ್ಕೆ ಸಿಟ್ಟು ಅಂತ ತಿಳ್ಕೊಂಡಿದ್ದಾರೆ. ಅನ್ಕೊಳ್ಳಲಿ ಅಂತ ಬಿಟ್ಟೆ.’

ಎರಡು ಭೇಟಿ ತುಂಬ ನಾನು ಕೇಳಿದ್ದ ದೂರುಗಳೆಲ್ಲ ಈ ಒಂದು ಮಾತನ್ನು ಮುಚ್ಚಲು ಪೇರಿಸಿದ ಸಾಮಾನಿನಂತೆ ಕಂಡವು. ಬೇರೆಯವರ ತಪ್ಪುಗಳನ್ನು ಜಾಸ್ತಿ ಮಾಡಿದಷ್ಟೂ ತನ್ನದು ಕೆಳಗೆ ಹೋಗುತ್ತದೆ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ರಾತ್ರಿ ಹೊತ್ತು ಆ ಲೆಕ್ಕ ನಿಲ್ಲುವುದಿಲ್ಲ, ಅಲ್ವಾ?

ಅವರಿಗೆ ನಾನು ಹೇಳಿದ್ದು ಇಷ್ಟು: ಹೋಗಿ ಭಾಮೈದನಿಗೆ ನಿಜ ಹೇಳಿ. ಫೋನಿನಲ್ಲಿ ಬೇಡ, ಎದುರು ಕೂತು. ‘ಆದರೆ ನೀನೂ ದೊಡ್ಡ ಡಿಸ್ಕ್ ಹಾಕಿದೆಯಲ್ಲ’ ಎಂಬ ಬಾಲ ಸೇರಿಸಬೇಡಿ. ಮಷಿನಿನ ದುಡ್ಡು ವಾಪಸ್ ಕೊಡಿ.

ಈ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಲಿಲ್ಲ. ತಪ್ಪು ಡಿಸ್ಕ್ ಹಾಕಿದ್ದು ಆತ. ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕದೆ ಓಡಿಸಿದ್ದೂ ಆತ. ಗಾಯ ವಾಸಿಯಾಗಿದೆ. ಮುಗಿದ ವಿಷಯವನ್ನು ಕೆದಕಿ ಮನೆಯಲ್ಲಿ ಹೊಸ ಜಗಳ ಹುಟ್ಟಿಸುವುದೇಕೆ? ಆತ ತಿರುಗಿಬಿದ್ದರೆ ನೀವು ಹೊಣೆಯಾಗುತ್ತೀರಾ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನೂ ಹೆದರಿದ್ದೆ.

ಆದರೂ ಹಾಗೆ ಹೇಳಲು ಕಾರಣವಿತ್ತು. ಆ ಹುಡುಗ ನಾಲ್ಕು ತಿಂಗಳಿಂದ ಎರಡು ಪೆಟ್ಟು ಹೊತ್ತು ತಿರುಗುತ್ತಿದ್ದ. ಕೆನ್ನೆಯದೊಂದು. ಮಷಿನ್ ಹಾಳು ಮಾಡಿದ್ದಕ್ಕೆ ಭಾವ ಮುಖ ತಿರುಗಿಸಿದರು ಎಂಬುದು ಇನ್ನೊಂದು. ಎರಡನೆಯದು ಅವನಿಗೆ ಸಲ್ಲಬೇಕಾದದ್ದಲ್ಲ. ಅದನ್ನು ಇಳಿಸಲು ಇವರೊಬ್ಬರಿಂದ ಮಾತ್ರ ಸಾಧ್ಯವಿತ್ತು. ಯಾರದು ಎಷ್ಟು ಪಾಲು ತಪ್ಪು ಎಂದು ತೂಗಲು ನಾನು ಕೂತಿಲ್ಲ. ಇನ್ನೊಬ್ಬರು ಸುಮ್ನೆ ಹೊತ್ತ ಭಾರ ಕಣ್ಣಿಗೆ ಬಿದ್ದಮೇಲೆ ‘ಮರೆತುಬಿಡಿ, ಉಸಿರಾಟದ ಅಭ್ಯಾಸ ಮಾಡಿ, ನಿದ್ದೆ ಬರುತ್ತೆ’ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಇನ್ನು ಮುಂದಿನ ಮಾತು. ಮಷಿನ್ ಕೇಳಿಕೊಂಡು ಬರುವವರು ನಿಲ್ಲುವುದಿಲ್ಲವಲ್ಲ, ಏನು ಮಾಡಲಿ ಎಂದು ಅವರು ಕೇಳಿದರು. ತಿರುಗುವ ಅಲಗು ಇರುವ ಯಾವುದನ್ನೂ ಒಂಟಿಯಾಗಿ ಕಳಿಸಬೇಡಿ ಎಂದೆ. ಗ್ರೈಂಡರ್, ಮರ ಕೊಯ್ಯುವ ಗರಗಸದ ಮಷಿನ್, ಮರ ಉರುಳಿಸುವ ಚೈನ್ ಗರಗಸ. ಬೇಕಾದರೆ ಮಷಿನ್ ಜೊತೆ ನೀವೇ ಹೋಗಿ. ನಾಲ್ಕು ಪೈಪ್ ಕೊಯ್ಯಲು ಕಾಲು ಗಂಟೆ. ಆ ಕಾಲು ಗಂಟೆ ಕೊಡಲು ಮನಸ್ಸಿಲ್ಲದಿದ್ದರೆ ಮಷಿನನ್ನೂ ಕೊಡಬೇಡಿ. ನಿಮ್ಮ ಕೈಗೆ ಇದು ಎಷ್ಟು ಪಳಗಿದೆ ಎಂದರೆ ಏನೇನು ಜಾಗ್ರತೆ ತೆಗೆದುಕೊಳ್ಳುತ್ತೀರಿ ಎಂದು ನಿಮಗೇ ಗೊತ್ತಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಡಿಸ್ಕ್ ಹಲವು ಸೆಕೆಂಡ್ ತಿರುಗುತ್ತಿರುತ್ತದೆ, ಅದು ನಿಂತ ಮೇಲೇ ನೀವು ಕೆಳಗಿಡುತ್ತೀರಿ. ಕೊಯ್ಯುವ ತೆಳು ಡಿಸ್ಕಿನ ಪಕ್ಕದಿಂದ ಉಜ್ಜುವುದಿಲ್ಲ. ಡಿಸ್ಕಿನ ನೇರಕ್ಕೆ ಮುಖ ತರುವುದಿಲ್ಲ. ಒಯ್ಯುವವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಕೇಳಲು ಅವರಿಗೆ ಸಂಕೋಚ, ಹೇಳಲು ನಿಮಗೆ ಸಂಕೋಚ. ‘ನಿನಗೆ ಓಡಿಸಲು ಬರುತ್ತಾ?’ ಎಂದು ಕೇಳಿದರೆ ಹೆಂಡತಿಯ ತಮ್ಮನನ್ನು ಕಡೆಗಣಿಸಿದಂತೆ ಅಂತ ಇವರಿಗೆ ಅನಿಸಿತ್ತು. ಆ ದಾಕ್ಷಿಣ್ಯವೇ ಅವನ ಕೆನ್ನೆ ಸೀಳಿದ್ದು. ಕಟುವಾಗಿ ಹೇಳುತ್ತಿದ್ದೇನೆ, ಬೇಕೆಂದೇ.

ಡ್ರಿಲ್ಲಿನಂಥದ್ದನ್ನು ಕೊಡಬಹುದು. ಆದರೆ ನಿಮ್ಮೆದುರು ಒಮ್ಮೆ ಓಡಿಸಲಿ. ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ಎಂದು ಕೇಳಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ಕೊರೆಯಬೇಡಿ ಎಂದು ಬಾಯಿಬಿಟ್ಟು ಹೇಳಿ. ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬುದನ್ನೂ ಕೈಗೆ ಕೊಡುವ ಮುಂಚೆಯೇ ಮಾತಾಡಿ. ಕೆಟ್ಟಮೇಲೆ ಆ ಮಾತು ಬಂದರೆ ಜಗಳವಾಗುತ್ತದೆ. ಮುಂಚೆ ಬಂದರೆ ಬರೀ ಮಾತು. ಕೆಟ್ಟರೂ ಪರವಾಗಿಲ್ಲ, ಕೇಳುವುದಿಲ್ಲ ಅಂತಿದ್ದರೆ ಅದನ್ನೂ ಆಗಲೇ ಹೇಳಿ, ಆಮೇಲೆ ಮನಸ್ಸಿನಲ್ಲಿ ಲೆಕ್ಕ ಇಡಬೇಡಿ.

ಕೊಡದಿರುವಾಗ ಸುಳ್ಳು ಬೇಡ ಎಂದೆ. ಬಹಳ ಜನ ‘ರಿಪೇರಿಗೆ ಹೋಗಿದೆ’ ಎಂದುಬಿಡುತ್ತಾರೆ. ಮರುದಿನ ಶೆಡ್ಡಿನಿಂದ ಸದ್ದು ಕೇಳಿಸುತ್ತದೆ. ಮಷಿನ್ ಕೊಡದ್ದನ್ನು ಮರೆಯುವವರೂ ಸುಳ್ಳನ್ನು ಮರೆಯುವುದಿಲ್ಲ. ‘ಗ್ರೈಂಡರ್ ಯಾರಿಗೂ ಕೊಡಲ್ಲ, ನಾನೇ ಬಂದು ಕೊಯ್ದುಕೊಡ್ತೀನಿ’ ಎಂದರೆ ಸಾಕು. ಎರಡು ಸಲ ಹೇಳುವಾಗ ನಾಲಿಗೆ ಎಳೆಯುತ್ತದೆ. ಮೂರನೇ ಸಲಕ್ಕೆ ಕೇಳುವವರಿಗೇ ಗೊತ್ತಿರುತ್ತದೆ.

ಇದನ್ನು ಜಿಪುಣತನ ಕಲಿಸುವುದು ಎಂದು ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ಮಷಿನ್ ಕೈಗಿತ್ತು ಕಳಿಸುವುದು ಸುಲಭ. ಜೊತೆಗೆ ಹೋಗಿ ನಿಂತು ಮಾಡಿಕೊಡುವುದಕ್ಕೆ ಹೆಚ್ಚು ಪ್ರೀತಿ ಬೇಕು.

ನಾಲ್ಕನೇ ಭೇಟಿಗೆ ಅವರು ಬಂದಾಗ ಹೇಳಿಯಾಗಿತ್ತು. ಭಾಮೈದ ಪೂರ್ತಿ ಕೇಳಿಸಿಕೊಂಡು, ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದನಂತೆ. ‘ಈ ಮಾತು ಆಸ್ಪತ್ರೆಯಲ್ಲೇ ಹೇಳಬಾರದಿತ್ತಾ ಭಾವ?’ ಎಂದು ಕೇಳಿದನಂತೆ. ದುಡ್ಡು ತಗೊಂಡಿದ್ದಾನೆ. ಹಿಂದಿನಂತೆ ಬಂದು ಹೋಗುವುದು ಇನ್ನೂ ಶುರುವಾಗಿಲ್ಲ. ಫೋನ್ ಮಾಡಿದರೆ ಎತ್ತುತ್ತಾನೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಅವರ ಹೆಂಡತಿಯನ್ನು. ತಮ್ಮನಿಗೆ ಹೇಳಿ ಎಂದೆ, ಅಕ್ಕನ ಬಗ್ಗೆ ಯೋಚಿಸಲಿಲ್ಲ. ನಾಲ್ಕು ತಿಂಗಳು ಗಂಡನಿಗೂ ತಮ್ಮನಿಗೂ ನಡುವೆ ಸಿಕ್ಕಿಕೊಂಡು, ‘ಒಂದು ಮಷಿನಿಗೋಸ್ಕರ ಹೀಗಾ’ ಎಂದು ಇವರನ್ನು ಬೈದುಕೊಂಡು ಅತ್ತವರು ಅವರು. ನಿಜ ಅವರಿಗೆ ಗೊತ್ತಾದದ್ದು ತಮ್ಮನ ಬಾಯಿಂದ. ನನಗೆ ಫೋನ್ ಮಾಡಿ, ‘ಮೊದಲು ನನಗೆ ಹೇಳೋದಕ್ಕೆ ನೀವ್ಯಾಕೆ ಹೇಳಲಿಲ್ಲ ಮೇಡಂ?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ತಪ್ಪಾಯಿತು ಎಂದೆ. ಈಗ ಇಂಥ ಯಾವ ಪ್ರಕರಣ ಬಂದರೂ ಇದರಿಂದ ಮನೆಯಲ್ಲಿ ಯಾರ್ಯಾರು ನೊಂದಿದ್ದಾರೆ ಎಂದು ಹೆಸರು ಹಿಡಿದು ಕೇಳುತ್ತೇನೆ.

ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಹೊಸ ಗ್ರೈಂಡರಿನ ಬಾಕ್ಸನ್ನು ಅಕ್ಕನೇ ಬಿಚ್ಚಿದರಂತೆ. ಒಳಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದ ಗಾರ್ಡನ್ನು ತೆಗೆದು ಗಂಡನ ಕೈಗೆ ಕೊಟ್ಟು, ಹಾಕಿ ಮುಗಿಯುವವರೆಗೂ ಶೆಡ್ಡಿನಲ್ಲಿ ನಿಂತಿದ್ದರಂತೆ.