ಹೊಸ ಬಣ್ಣದ ಹಿಂದಿನ ಗೋಡೆ ಹೇಗಿದೆ?

ಪ್ರಶ್ನೆ: ಹದಿನೈದು ವರ್ಷದ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಒಳಗೆಲ್ಲ ಈಗಷ್ಟೇ ಬಣ್ಣ ಬಳಿದಿದ್ದಾರೆ. ಗೋಡೆಯಲ್ಲಿ ತೇವ ಇದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಗೋಡೆಯೊಳಗಿನ ಕಪಾಟುಗಳ ಬಾಗಿಲು ತೆರೆದು, ಟಾರ್ಚ್ ಹಿಡಿದು ಹಿಂಬದಿ ನೋಡಿ. ಬಣ್ಣದವರ ಕುಂಚ ಅಲ್ಲಿಗೆ ಹೋಗುವುದು ಕಡಿಮೆ. ಹಳೆಯ ಕಲೆ, ಬೂಸ್ಟಿನ ವಾಸನೆ ಅಲ್ಲೇ ಉಳಿದಿರುತ್ತವೆ.

ಆಮೇಲೆ ನೆಲದಿಂದ ಮೂರು ಅಡಿಯವರೆಗಿನ ಗೋಡೆ. ಪಾಯದಿಂದ ಏರುವ ತೇವ ಸಾಮಾನ್ಯವಾಗಿ ಇಷ್ಟು ಎತ್ತರದೊಳಗೇ ನಿಲ್ಲುತ್ತದೆ. ಬಣ್ಣ ಗುಳ್ಳೆ ಎದ್ದಿದೆಯೇ, ಬಿಳಿ ಉಪ್ಪು ಹಿಟ್ಟಿನಂತೆ ಉದುರುತ್ತದೆಯೇ, ಬೆರಳ ಗೆಣ್ಣಿನಿಂದ ತಟ್ಟಿದರೆ ಗಾರೆ ಟೊಳ್ಳಾಗಿ ಸದ್ದು ಮಾಡುತ್ತದೆಯೇ ಗಮನಿಸಿ. ಹೌದಾದರೆ ಹೊರಗೆ ಹೋಗಿ ಅದೇ ಜಾಗದ ಮಣ್ಣಿನ ಮಟ್ಟ ನೋಡಿ. ಪಾಯದ ಮೇಲಿನ ತೇವ ತಡೆಯುವ ಪದರಕ್ಕಿಂತ ಎತ್ತರಕ್ಕೆ ಮಣ್ಣು ಬಿದ್ದಿದ್ದರೆ, ಅದನ್ನು ತೆಗೆದರೆ ಗೋಡೆ ನಿಧಾನವಾಗಿ ಒಣಗುತ್ತದೆ. ಆ ಪದರವೇ ಕೆಟ್ಟಿದ್ದರೆ ದೊಡ್ಡ ಖರ್ಚು. ಅದನ್ನು ಬೆಲೆಯಲ್ಲೇ ಕಳೆಯಬೇಕು.

ತೇವ ಗೋಡೆಯದೋ ಕೋಣೆಯ ಗಾಳಿಯದೋ ಎಂಬ ಅನುಮಾನವಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಕೋಣೆಗೆ ಗಾಳಿಯಾಡುತ್ತಿಲ್ಲ. ದಪ್ಪ ಎಣ್ಣೆ ಬಣ್ಣದ ಮೇಲೆ ಈ ಪರೀಕ್ಷೆ ನಂಬಬೇಡಿ.

ಮಹಡಿಯ ಬಚ್ಚಲಿಗೆ ಬೇರೆಯೇ ಪರೀಕ್ಷೆ. ಮಾಲೀಕರ ಒಪ್ಪಿಗೆ ಪಡೆದು ನೀರು ಹೋಗುವ ಕಿಂಡಿಯನ್ನು ಬಿಗಿಯಾಗಿ ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ. 24 ಗಂಟೆಯ ಬಳಿಕ ಕೆಳಗಿನ ಕೋಣೆಯ ಚಾವಣಿ ನೋಡಿ. ಟೈಲುಗಳ ಸಂದಿಗೆ ಬಿಳಿ ಸಿಮೆಂಟ್ ತುಂಬಿದ್ದೇವೆ ಎಂದರೆ ಸಾಲದು. ಟೈಲಿನ ಕೆಳಗಿನ ಜಲನಿರೋಧಕ ಪದರ ಹರಿದಿದ್ದರೆ ನೆಲ ಅಗೆಯದೆ ದುರಸ್ತಿಯಾಗುವುದು ಅಪರೂಪ.

ಪ್ರಶ್ನೆ: ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. 'ಬರೀ ಗಾರೆಯದ್ದು' ಎನ್ನುತ್ತಾರೆ. ನಂಬಬಹುದೇ?

ಉತ್ತರ: ಎಟಿಎಂ ಕಾರ್ಡಿನ ಅಂಚು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ಅದು ಬಿರುಕಿನೊಳಗೆ ಇಳಿಯದಿದ್ದರೆ, ಗೋಡೆಯ ಆಚೆ ಬದಿಯಲ್ಲೂ ಬಿರುಕು ಕಾಣದಿದ್ದರೆ ಮಾತು ನಿಜವಿರಬಹುದು. ಎರಡೂ ಬದಿ ಸೀಳಿದ್ದು, ಒಂದು ತುದಿ ಅಗಲ ಇನ್ನೊಂದು ತುದಿ ಕಿರಿದಾಗಿದ್ದರೆ ಪಾಯದ ಒಂದು ಭಾಗ ಕುಸಿದಿರುವ ಸಾಧ್ಯತೆ ಹೆಚ್ಚು. ಹತ್ತಿರದ ಕದ ಹಾಕಿ ತೆಗೆದು ನೋಡಿ: ಚೌಕಟ್ಟು ವಾಲಿದ್ದರೆ ಕದ ಒಂದು ಮೂಲೆಯಲ್ಲಿ ಉಜ್ಜುತ್ತದೆ. ತುಂಬಿದ ಬಿರುಕು ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಟ್ಟಿದ್ದರೆ ಚಲನೆ ನಿಂತಿಲ್ಲ. 5 ಮಿ.ಮೀ. ದಾಟಿದ್ದರೆ ರಚನಾ ಎಂಜಿನಿಯರ್ ನೋಡುವ ತನಕ ಮುಂಗಡ ಕೊಡಬೇಡಿ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಕಂಬ, ತೊಲೆಗಳದ್ದು. ಕಬ್ಬಿಣದ ಸರಳಿನ ಉದ್ದಕ್ಕೇ ಬಿರುಕು ಓಡಿ, ಕಂದು ಕಲೆ ಇಳಿದಿದ್ದರೆ ಒಳಗೆ ತುಕ್ಕು ಹಿಡಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೇ ಕಾಂಕ್ರೀಟಿನ ಹೊರಪದರ ಸಿಡಿಯುತ್ತದೆ. ಎಂಜಿನಿಯರ್‌ಗೆ ಫಿನಾಲ್ಫ್ತಲೀನ್ (ಕ್ಷಾರ ತಗುಲಿದರೆ ಗುಲಾಬಿಯಾಗುವ ದ್ರಾವಣ) ಪರೀಕ್ಷೆ ಮಾಡಲು ಹೇಳಿ. ಆಗತಾನೆ ಒಡೆದ ಕಾಂಕ್ರೀಟಿನ ಮೇಲೆ ಹಾಕಿದಾಗ ದಟ್ಟ ಗುಲಾಬಿ ಬಂದರೆ ಅಲ್ಲಿ ಕ್ಷಾರಗುಣ ಉಳಿದಿದೆ, ಸರಳನ್ನು ತುಕ್ಕಿನಿಂದ ಕಾಯುವುದು ಅದೇ. ಬಣ್ಣವೇ ಬಾರದ ಭಾಗ ಸರಳಿನ ಆಳ ಮುಟ್ಟಿದ್ದರೆ ಆ ಕಾವಲು ಹೋಗಿದೆ.

ಪ್ರಶ್ನೆ: ವಿದ್ಯುತ್ ವೈರಿಂಗ್ ನಾವೇ ನೋಡಬಹುದೇ?

ಉತ್ತರ: ಸ್ವಲ್ಪ ಮಟ್ಟಿಗೆ. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ, ಸ್ವಿಚ್ಚು ತಕ್ಷಣ ಬೀಳಬೇಕು. ಆ ಸಾಧನವೇ ಇಲ್ಲದಿದ್ದರೆ ಹಾಕಿಸಲೇಬೇಕು, ಜೀವದ ಪ್ರಶ್ನೆ. ಕಪ್ಪಾದ ಸಾಕೆಟ್ ಹುಡುಕಿ. ಎಂಸಿಬಿಗೂ (ಮಿತಿಮೀರಿ ವಿದ್ಯುತ್ ಹರಿದರೆ ತಾನೇ ಬೀಳುವ ಸ್ವಿಚ್ಚು) ವೈರಿಗೂ ಹೊಂದಿಕೆ ಇದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ತೆರೆಸಿ ನೋಡಿಸಿ. 1.5 ಚದರ ಮಿ.ಮೀ. ವೈರಿಗೆ 32 ಆಂಪಿಯರ್ ಎಂಸಿಬಿ ಹಾಕಿದ್ದರೆ, ಅದು ಬೀಳುವ ಮೊದಲೇ ವೈರು ಕಾದು ಹೊದಿಕೆ ಕರಗಬಹುದು.

ಪ್ರಶ್ನೆ: ಮನೆ ನೋಡಲು ಯಾವಾಗ ಹೋಗಬೇಕು?

ಉತ್ತರ: ಜೋರು ಮಳೆಯ ಮರುದಿನ, ಬೆಳಕಿರುವಾಗ. ತಾರಸಿ ಹತ್ತಿ, ನೀರು ಎಲ್ಲಿ ನಿಂತಿದೆ ನೋಡಿ. ಇಳಿದು ಎಲ್ಲ ನಲ್ಲಿ ಮುಚ್ಚಿಸಿ, ತೊಟ್ಟಿಗಳು ತುಂಬಿವೆಯೆಂದು ಖಚಿತಪಡಿಸಿಕೊಂಡು ನೀರಿನ ಮೀಟರಿನ ಅಂಕಿ ಬರೆದುಕೊಳ್ಳಿ. ಒಂದು ಗಂಟೆ ಬಿಟ್ಟು ಅಂಕಿ ಮುಂದೆ ಹೋಗಿದ್ದರೆ ಕೊಳವೆ ಎಲ್ಲೋ ಸೋರುತ್ತಿದೆ.