ಕ್ಯಾಸಿನೊ ಹೊಟೇಲಿಗೆ ಅಷ್ಟು ದುಡ್ಡು ಕೊಡಬಹುದಾ?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಮ್ಮ ಮದುವೆಯಾಗಿ 30 ವರ್ಷ ತುಂಬುತ್ತದೆ. ನಾವಿಬ್ಬರೇ ಐದು ರಾತ್ರಿಗೆ ಸಿಂಗಪುರಕ್ಕೆ ಹೊರಟಿದ್ದೇವೆ. ಮರೀನಾ ಬೇ ಸ್ಯಾಂಡ್ಸ್ ಹೊಟೇಲಿನ ಈಜುಕೊಳದ ಫೋಟೊ ನೋಡಿದಾಗಿನಿಂದ ನನ್ನ ಹೆಂಡತಿಗೆ ಅಲ್ಲೇ ಉಳಿಯುವ ಆಸೆ. ಬಾಡಿಗೆ ನೋಡಿ ನನಗೆ ಎದೆ ಧಸಕ್ಕೆಂದಿತು. ಜೂಜಿನ ಹತ್ತಿರವೂ ನಾವು ಸುಳಿಯುವವರಲ್ಲ. ದುಡ್ಡು ದಂಡ ಅಲ್ವಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದು ರಾತ್ರಿ ಉಳಿಯಿರಿ. ಐದೂ ರಾತ್ರಿ ಬೇಡ. ಅಮ್ಮನನ್ನು ಕರೆದುಕೊಂಡು ಹೋಗಿ, ಅಲ್ಲಿ ಒಂದೇ ರಾತ್ರಿ ಇದ್ದು ಬಂದವಳ ಮಾತಿದು.

ಅಲ್ಲಿ ನೀವು ದುಡ್ಡು ಕೊಡುವುದು ಕೋಣೆಗಲ್ಲ, ನೀರಿಗೆ. ಕೋಣೆ ಚೆನ್ನಾಗಿದೆ, ಅಂಥ ಹಾಸಿಗೆ ಬೇರೆ ಕಡೆ ಕಡಿಮೆ ದುಡ್ಡಿಗೂ ಸಿಗುತ್ತದೆ. ಆದರೆ ಮೂರು ಗೋಪುರಗಳ ನೆತ್ತಿಯ ಮೇಲೆ, 57ನೇ ಮಹಡಿಯಲ್ಲಿರುವ ಆ ಕೊಳಕ್ಕೆ ಅಲ್ಲಿ ತಂಗಿದವರನ್ನು ಮಾತ್ರ ಬಿಡುತ್ತಾರೆ. ಟಿಕೆಟ್ ತಗೊಂಡು ಮೇಲಿನ ಅಟ್ಟದಿಂದ ಊರು ನೋಡಬಹುದು, ನೀರಿಗೆ ಇಳಿಯುವಂತಿಲ್ಲ.

ನಾವು ಬೆಳಗ್ಗೆ ಆರಕ್ಕೇ ಮೇಲೆ ಹೋದೆವು. ಸಿಂಗಪುರದಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ, ಹಾಗಾಗಿ ಇನ್ನೂ ಕತ್ತಲೆ. ಅಮ್ಮ ಉದ್ದ ತೋಳಿನ ಈಜುಡುಗೆ ಹಾಕಿಕೊಂಡು ಮೆಟ್ಟಿಲ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತರು. ಆಮೇಲೆ ನನ್ನ ಕೈ ಹಿಡಿದು ಆ ಅಂಚಿನವರೆಗೆ ಬಂದರು. ದೂರದಿಂದ ನೋಡಿದರೆ ನೀರು ಹಾಗೇ ಊರಿನ ಮೇಲೆ ಸುರಿದುಹೋಗುತ್ತದೆ ಅನ್ನಿಸುತ್ತದೆ. ಹತ್ತಿರ ಹೋದರೆ ಅಂಚಿನಾಚೆ ಕೆಳಗೊಂದು ಕಾಲುವೆ ಕಾಣುತ್ತದೆ, ತುಳುಕಿದ ನೀರೆಲ್ಲ ಅದಕ್ಕೇ ಬೀಳುತ್ತದೆ. ಅದನ್ನು ಕಂಡ ಮೇಲೆ ಅಮ್ಮನ ಹಿಡಿತ ಸಡಿಲವಾಯಿತು. ಎದುರಿನ ಕಟ್ಟಡಗಳ ದೀಪ ಒಂದೊಂದಾಗಿ ಆರುವವರೆಗೂ ಅಂಚಿಗೆ ಮೊಣಕೈ ಊರಿ ನಿಂತೇ ಇದ್ದರು. ಆ ಒಂದು ಗಂಟೆಗೆ ನಾನು ಕೊಟ್ಟ ದುಡ್ಡು ಜಾಸ್ತಿ ಅಂತ ಇವತ್ತಿಗೂ ಅನ್ನಿಸಿಲ್ಲ.

ಕ್ಯಾಸಿನೊ ಬಗ್ಗೆ ಚಿಂತೆ ಬೇಡ. ಅದರ ಬಾಗಿಲೇ ಬೇರೆ, ಕೋಣೆಗೆ ಹೋಗಲು ಅದನ್ನು ಹಾಯಬೇಕಿಲ್ಲ. 21 ತುಂಬಿದ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿದರೆ ಒಳಗೆ ಪುಕ್ಕಟೆ. ಅಲ್ಲಿನ ಪ್ರಜೆಗಳು, ಕಾಯಂ ನಿವಾಸಿಗಳು ಮಾತ್ರ 24 ಗಂಟೆಗೆ 150 ಸಿಂಗಪುರ ಡಾಲರ್ ಕಟ್ಟಬೇಕು. ತನ್ನ ಜನ ಸಲೀಸಾಗಿ ಜೂಜಿಗೆ ಹೋಗಬಾರದೆಂದು ಸರ್ಕಾರವೇ ಹಾಕಿದ ಶುಲ್ಕವದು. ನಮಗೆ ಪುಕ್ಕಟೆ ಯಾಕೆ ಅನ್ನೋದನ್ನು ಅದರಿಂದಲೇ ತಿಳಿದುಕೊಳ್ಳಿ.

ಲೆಕ್ಕದಲ್ಲಿ ಒಂದು ಎಚ್ಚರ. ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ ಇದ್ದರೆ ಅದರ ಮೇಲೆ ಶೇ. 10 ಸೇವಾ ಶುಲ್ಕ, ಒಟ್ಟು ಮೊತ್ತದ ಮೇಲೆ ಶೇ. 9 ಜಿಎಸ್‌ಟಿ ಬೀಳುತ್ತದೆ. 100 ಡಾಲರ್ ಅಂದದ್ದು 119.90 ಆಗುತ್ತದೆ. ಊಟದ ಬಿಲ್ಲಿಗೂ ಹೀಗೇ. ಬೇರೆ ಊರಿನ ಒಂದು ದೊಡ್ಡ ಹೊಟೇಲಿನಲ್ಲಿ ನಾನು ಇದನ್ನು ಕೇಳದೆ ಬುಕ್ ಮಾಡಿ, ಹೊರಡುವ ದಿನ ಕೌಂಟರಿನಲ್ಲಿ ಪೇಚಾಡಿದ್ದೇನೆ. ತೆರಿಗೆಯೆಲ್ಲ ಸೇರಿದ ಮೊತ್ತ ಎಷ್ಟು ಅಂತ ಮೊದಲೇ ಕೇಳಿ. ವಾರದ ನಡುವಿನ ದಿನಗಳ ದರವನ್ನೂ ನೋಡಿ.

ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ಬಿಡಬೇಕಾದದ್ದು ಮರುದಿನ ಹನ್ನೊಂದಕ್ಕೆ. ಹಾಗಾಗಿ ಆ ದಿನ ಬೇರೆಲ್ಲೂ ಅಲೆಯಬೇಡಿ. ಸಂಜೆ 7.45ಕ್ಕೆ ಹಿಂದಿನ ಗಾರ್ಡನ್ಸ್ ಬೈ ದ ಬೇ ತೋಟದಲ್ಲಿ ಎತ್ತರದ ಕಬ್ಬಿಣದ ಮರಗಳಿಗೆ ದೀಪ, ಹಾಡು. ಅದಕ್ಕೆ ಟಿಕೆಟ್ ಇಲ್ಲ. ತಿಂಡಿ ಸೇರಿಸದ ದರ ತಗೊಳ್ಳಿ. ಬೆಳಗ್ಗೆ ಈಜಿ, ಕೋಣೆ ಬಿಟ್ಟು, ಹೊಟೇಲಿನ ಕೆಳಗೇ ಇರುವ ಬೇಫ್ರಂಟ್ ನಿಲ್ದಾಣದಲ್ಲಿ ರೈಲು ಹತ್ತಿ. ನಾಲ್ಕನೇ ನಿಲ್ದಾಣ ಲಿಟಲ್ ಇಂಡಿಯಾ. ಅಲ್ಲಿ ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ದೋಸೆ ಹಾಕುತ್ತಿದೆ. ಉಳಿದ ನಾಲ್ಕು ರಾತ್ರಿಗೆ ಆ ಕಡೆಯೇ ಸಾಧಾರಣ ಕೋಣೆ ಹಿಡಿಯಿರಿ.

ಈಜುಡುಗೆಯನ್ನು ಮಾತ್ರ ಈಗಲೇ ಊರಿನಲ್ಲೇ ಕೊಂಡುಕೊಳ್ಳಿ, ಇಬ್ಬರಿಗೂ. ನೀವು ದಡದಲ್ಲಿ ಟವೆಲ್ ಹಿಡಿದು ನಿಲ್ಲಬೇಡಿ, ಅವರ ಜೊತೆ ಇಳಿಯಿರಿ.